ಸವೆದ ಮೆಟ್ಟಿಲುಗಳು

ಶಾಸನಗಳನ್ನು ಓದುವವರಿಗೆ ಮೊದಲ ಕಷ್ಟ ಬರುವುದು ಲಿಪಿಯಿಂದಲ್ಲ, ಕೊಳೆಯಿಂದ. ಕಲ್ಲು ಸಿಕ್ಕಿದಾಗ ಅದರ ಮೇಲೆ ಪಾಚಿ, ಸುಣ್ಣ, ಎಣ್ಣೆಯ ಜಿಡ್ಡು, ಯಾರೋ ಭಕ್ತರು ಮೆತ್ತಿದ ಕುಂಕುಮ ಎಲ್ಲವೂ ಇರುತ್ತವೆ. ತೊಳೆಯದಿದ್ದರೆ ಅಕ್ಷರ ಕಾಣದು. ಬಲವಾಗಿ ಉಜ್ಜಿದರೆ ಅಕ್ಷರವೇ ಹೋದೀತು. ಬಿ. ಎಲ್. ರೈಸ್ ಅವರು 1905ರಲ್ಲಿ ಕೋಲಾರ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಹೊರತಂದರು. ರೈಸ್ ಅವರನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಕುಂಚ ಹಿಡಿದು ಕಲ್ಲು ತೊಳೆದು, ಒದ್ದೆ ಕಾಗದ ಒತ್ತಿ ಅಚ್ಚು ತೆಗೆದ ಕೈಗಳನ್ನು ನೆನೆಯುವವರು ಕಡಿಮೆ.

ವಾದ್ಯಗಳ ಚರಿತ್ರೆಯೂ ಹೀಗೆಯೇ. ನುಡಿಸಿದವರ ಹೆಸರು ಉಳಿದಿದೆ. ಪೋಷಿಸಿದ ದೊರೆಗಳ ಹೆಸರಂತೂ ಉಳಿದೇ ಉಳಿದಿದೆ. ಸವೆದ ವಾದ್ಯವನ್ನು ಬಿಚ್ಚಿ, ತೊಳೆದು, ಮತ್ತೆ ಶ್ರುತಿಗೆ ಬರುವಂತೆ ಮಾಡಿದವರು ಮಾತ್ರ ಯಾವ ಗ್ರಂಥದಲ್ಲಿಯೂ ಸಿಕ್ಕುವುದಿಲ್ಲ. ಅಂಥ ಒಂದು ಸಣ್ಣ ಕೆಲಸವನ್ನು ಹಿಡಿದು ನಾಲ್ಕು ಮಾತು ಬರೆಯುವುದು ಈ ಲೇಖನದ ಉದ್ದೇಶ. ಕೆಲಸ, ಗಿಟಾರಿನ ಮೆಟ್ಟಿಲ ಹಲಗೆಯನ್ನು ಶುಚಿಮಾಡಿ ದುರಸ್ತಿಪಡಿಸುವುದು. ಸ್ಥಳ, ಅದೇ ಕೋಲಾರ ಜಿಲ್ಲೆಯ ಮೈಸೂರು ಮೈನ್ಸ್. ಕನ್ನಡದ ಮೇಷ್ಟರಿಗೆ ಗಿಟಾರಿನ ಉಸಾಬರಿ ಏಕೆ ಎಂದು ವಾಚಕರು ಹುಬ್ಬೇರಿಸಬಹುದು. ಸ್ವಲ್ಪ ತಾಳ್ಮೆ ತಂದುಕೊಂಡರೆ ಈ ಹಲಗೆಯ ನೆಂಟಸ್ತನ ನಮ್ಮ ವೀಣೆಯವರೆಗೂ, ಅದಕ್ಕೂ ಹಿಂದಿನ ಕಿನ್ನರಿಯವರೆಗೂ ಹೋಗುವುದನ್ನು ಕಾಣಬಹುದು.

ಬೌರಿಂಗ್‌ಪೇಟೆ ಎಂದು ಹಿಂದೆ ಕರೆಯುತ್ತಿದ್ದ ಬಂಗಾರಪೇಟೆಯಿಂದ ಚಿನ್ನದ ಗಣಿಗೆ ಹೋಗುವ ಕವಲು ರೈಲುದಾರಿ 1894ರದು. ಅದರ ಕೊನೆಯ ನಿಲ್ದಾಣ ಮಾರಿಕುಪ್ಪಂ. ಮೈಸೂರು ಮೈನ್ಸ್ ಇರುವುದು ಅದರ ಆಸುಪಾಸಿನಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಇಲ್ಲಿ ಕೈಹಾಕಿದರು. ಕೆಲವು ವರ್ಷ ಬರಿಯ ಬಂಡೆಯನ್ನೇ ಕಡಿದ ಮೇಲೆ ಚಿನ್ನದ ಎಳೆ ಸಿಕ್ಕಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರ ತಂತಿ ಎಳೆದು ಗಣಿಗೆ ವಿದ್ಯುತ್ತು ತಂದರು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದರ ಅನಂತರ, 1905ರಲ್ಲಿ. ಗಣಿಯ ಊರೆಂದರೆ ಒಂದೇ ಊರಲ್ಲ. ಇಂಗ್ಲಿಷರ ಬಂಗಲೆ, ಆಂಗ್ಲೋ ಇಂಡಿಯನ್ನರ ಮನೆಗಳು, ಬಹುಪಾಲು ತಮಿಳರೂ ತೆಲುಗರೂ ಇದ್ದ ಕೂಲಿಲೈನುಗಳು, ಸುತ್ತ ಕನ್ನಡ ತೆಲುಗು ಬೆರೆತ ಹಳ್ಳಿಗಳು. ಕ್ಲಬ್ಬಿನಲ್ಲಿ ಪಿಯಾನೊ ಇತ್ತು. ಆದರೆ ಪಿಯಾನೊವನ್ನು ಹೆಗಲ ಮೇಲೆ ಹಾಕಿಕೊಂಡು ಬರಲಾಗುವುದಿಲ್ಲ. ಮನೆಯ ಜಗುಲಿಗೆ, ಮದುವೆಗೆ, ಕ್ರಿಸ್‌ಮಸ್ಸಿನ ರಾತ್ರಿಯ ಹಾಡಿಗೆ ಒದಗಿದ್ದು ಗಿಟಾರು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಲೋಕದ ಎಷ್ಟೋ ಕಡೆ ಗಿಟಾರು ಇಗರ್ಜಿಯ ಒಳಕ್ಕೂ ಕಾಲಿಟ್ಟಿತು.

ನನ್ನ ಪರಿಚಯದ ಒಂದು ಮನೆಯಲ್ಲಿ ಇಂಥದೊಂದು ಗಿಟಾರು ಇದೆ. ಅದರ ಒಡೆಯರು ಗಣಿಯ ವರ್ಕ್‌ಷಾಪಿನಲ್ಲಿ ಫಿಟ್ಟರಾಗಿದ್ದು ತೀರಿಕೊಂಡರು. ಈಗ ಮೊಮ್ಮಗ ಅದನ್ನು ನುಡಿಸಬೇಕೆನ್ನುತ್ತಾನೆ. ಮಗಳು, ಅಂದರೆ ಆ ಹುಡುಗನ ತಾಯಿ, ಅಪ್ಪನ ಕೈ ಮುಟ್ಟಿದ್ದನ್ನು ಯಾರೂ ಕೆರೆಯಕೂಡದು ಎನ್ನುತ್ತಾರೆ. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ಅದೇ ತೊಡಕು.

ಗಿಟಾರಿನ ಕತ್ತಿನ ಮುಂಭಾಗಕ್ಕೆ ಅಂಟಿಸಿರುವ ತೆಳುವಾದ ಗಟ್ಟಿಮರದ ಪಟ್ಟಿಗೆ ಫ್ರೆಟ್ ಬೋರ್ಡು ಎಂದು ಹೆಸರು. ಅದರ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಗೀಟುಗಳೇ ಫ್ರೆಟ್ಟುಗಳು, ನಮ್ಮ ವೀಣೆಯ ಮಾತಿನಲ್ಲಿ ಮೆಟ್ಟಿಲುಗಳು. ಬೆರಳು ತಂತಿಯನ್ನು ಒತ್ತಿದಾಗ ಅದು ಮೆಟ್ಟಿಲಿನ ಮೇಲೆ ಕುಳಿತು ಅಲ್ಲಿಂದಾಚೆಗೆ ಮಾತ್ರ ಮಿಡಿಯುತ್ತದೆ. ಸಾವಿರಾರು ಸಲ ಒತ್ತಿದ ಮೇಲೆ ಎರಡು ಬಗೆಯ ಸವೆತ ಕಾಣುತ್ತದೆ. ಮೆಟ್ಟಿಲಿನ ನೆತ್ತಿಯಲ್ಲಿ ತಂತಿ ಕುಳಿತ ಜಾಗಗಳಲ್ಲಿ ಸಣ್ಣ ಗಾಡಿಜಾಡು ಬೀಳುತ್ತದೆ. ಎರಡು ಮೆಟ್ಟಿಲ ನಡುವೆ ಬೆರಳೂ ಉಗುರೂ ತಾಕುವ ಕಡೆ ಮರವೇ ಹಳ್ಳ ಬೀಳುತ್ತದೆ. ಮೊದಲನೆಯದರಿಂದ ನಾದ ಕೆಡುತ್ತದೆ: ತಂತಿ ಮುಂದಿನ ಮೆಟ್ಟಿಲಿಗೆ ತಗುಲಿ ಕರಕರ ಎನ್ನುತ್ತದೆ. ಎರಡನೆಯದರಿಂದ ಕಣ್ಣಿಗೆ ವಿಕಾರವಾದರೂ ನಾದಕ್ಕೆ ಅಷ್ಟಾಗಿ ಕೇಡಿಲ್ಲ. ಈ ಭೇದವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ, ಮುಂದೆ ಬೇಕಾಗುತ್ತದೆ.

ಸವೆತ ಎಲ್ಲ ಊರಿನಲ್ಲಿಯೂ ಉಂಟು. ಚಿನ್ನದ ಗಣಿಯ ಊರಿಗೆ ಒಂದು ವಿಶೇಷವಿದೆ. ಅಲ್ಲಿ ಚಿನ್ನವಿದ್ದದ್ದು ಬೆಣಚುಕಲ್ಲಿನ ಎಳೆಗಳಲ್ಲಿ. ಆ ಕಲ್ಲನ್ನು ಹಿಟ್ಟಿನಂತೆ ಅರೆದು, ಸಯನೈಡು ಬೆರೆಸಿ ಚಿನ್ನ ತೆಗೆದು, ಉಳಿದ ಪುಡಿಯನ್ನು ರಾಶಿ ಹಾಕಿದರು. ನೂರಿಪ್ಪತ್ತು ವರ್ಷಗಳಲ್ಲಿ ಅದು ಕೋಟ್ಯಂತರ ಟನ್ನಿನ ಬೂದುಬಣ್ಣದ ದಿಬ್ಬಗಳ ಸಾಲಾಯಿತು. ಸಯನೈಡ್ ದಿಬ್ಬ ಎಂದೇ ಜನ ಕರೆಯುವುದು. ಗಾಳಿಗಾಲದಲ್ಲಿ ಅದರ ಧೂಳು ಊರಿನ ಮೇಲೆಲ್ಲ ಇಳಿಯುತ್ತದೆ. ಊಟದ ತಟ್ಟೆಗೂ, ಒಣಹಾಕಿದ ಬಟ್ಟೆಗೂ, ಗೋಡೆಗೆ ನೇತುಹಾಕಿದ ಗಿಟಾರಿಗೂ. ಬೆಣಚುಕಲ್ಲು ಉಕ್ಕಿನ ತಂತಿಗಿಂತ, ಮೆಟ್ಟಿಲ ಲೋಹಕ್ಕಿಂತ ಗಟ್ಟಿ. ಬೆರಳಿನ ಬೆವರು, ಜಿಡ್ಡು ಇದಕ್ಕೆ ಸೇರಿದರೆ ಸಾಣೆಯವನು ಕತ್ತಿ ಮಸೆಯಲು ಬಳಸುವ ಮಸಾಲೆಯೇ ಆಗುತ್ತದೆ. ಮೆಟ್ಟಿಲುಗಳೋ, ಸಾಮಾನ್ಯವಾಗಿ ಜರ್ಮನ್ ಸಿಲ್ವರಿನವು: ತಾಮ್ರ, ನಿಕ್ಕಲು, ಸತುವು ಸೇರಿದ ಲೋಹ, ಸಿಲ್ವರು ಎಂಬುದು ಹೆಸರಿನಲ್ಲಿ ಮಾತ್ರ. ಚಿನ್ನದ ಊರಿನಲ್ಲಿ ಹೆಸರಿನ ಬೆಳ್ಳಿಯನ್ನು ಚಿನ್ನ ಕಳೆದುಕೊಂಡ ಕಲ್ಲು ತೇಯುತ್ತಿತ್ತು ಎಂದರೆ ಅಲಂಕಾರವಲ್ಲ, ವಸ್ತುಸ್ಥಿತಿ.

ಇನ್ನು ಈ ಮೆಟ್ಟಿಲುಗಳ ವಂಶಾವಳಿ. ಮೆಟ್ಟಿಲುಳ್ಳ ವಾದ್ಯ ನಮ್ಮ ನಾಡಿಗೆ ಹೊಸದೇನಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಕಿನ್ನರಿ ಬೊಮ್ಮಯ್ಯನೆಂಬುವನಿಗೆ ಆ ಹೆಸರು ಬಂದದ್ದು ಅವನು ನುಡಿಸುತ್ತಿದ್ದ ಕಿನ್ನರಿಯಿಂದ. ಜೋಗಿಗಳು ಊರೂರಿಗೆ ಹೊತ್ತು ತಿರುಗಿದ್ದೂ ಅದನ್ನೇ. ಕುವೆಂಪು ಅವರ ಬೊಮ್ಮನಹಳ್ಳಿಯ ಜೋಗಿಯ ಕೈಯಲ್ಲಿರುವ ಕಿಂದರಿ ಈ ಕಿನ್ನರಿಯೇ. ಇಲಿಗಳನ್ನು ಮರುಳುಮಾಡಿದ ಆ ವಾದ್ಯಕ್ಕೆ ಮೆಟ್ಟಿಲುಗಳಿದ್ದವು ಎಂಬುದನ್ನು ಪದ್ಯ ಬಾಯಿಪಾಠ ಮಾಡಿದ ನಮ್ಮಲ್ಲಿ ಎಷ್ಟು ಮಂದಿ ಯೋಚಿಸಿದ್ದೇವೆ? ಸೇವುಣರ ಸಿಂಘಣನ ಕಾಲದಲ್ಲಿ, ಹದಿಮೂರನೆಯ ಶತಮಾನದ ಮೊದಲ ಅರ್ಧದಲ್ಲಿ, ದೇವಗಿರಿಯಲ್ಲಿ ಸಂಗೀತರತ್ನಾಕರವನ್ನು ಬರೆದ ಶಾರ್ಙ್ಗದೇವನು ಕಿನ್ನರಿಯ ರಚನೆಯನ್ನು ವಿವರವಾಗಿ ಹೇಳುತ್ತಾನೆ. ಅದರ ಮೆಟ್ಟಿಲುಗಳಿಗೆ ಹದ್ದಿನ ಎಲುಬೂ ಆಗುತ್ತಿತ್ತು, ಲೋಹವೂ ಆಗುತ್ತಿತ್ತು. ಅವನ್ನು ದಂಡಿಯ ಮೇಲೆ ನಿಲ್ಲಿಸಲು ಬಳಸುತ್ತಿದ್ದುದು ಮೇಣ.

ಈ ಮೇಣವೇ ನಮ್ಮ ಕಥೆಯ ತಿರುಳು. ಇಂದಿಗೂ ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳು ನಿಲ್ಲುವುದು ಮೇಣದ ಮೇಲೆ. ಜೇನುಮೇಣವನ್ನು ಕರಗಿಸಿ, ಮಸಿಯನ್ನೋ ನುಣ್ಣನೆಯ ಇದ್ದಲಪುಡಿಯನ್ನೋ ಹದವಾಗಿ ಸೇರಿಸಿ, ದಂಡಿಯ ಎರಡು ಅಂಚಿಗೂ ಕಪ್ಪು ಗೋಡೆಗಳಂತೆ ಕಟ್ಟುತ್ತಾರೆ. ಆ ಗೋಡೆಗಳ ಮೇಲೆ ಕಂಚಿನ ಅಥವಾ ಹಿತ್ತಾಳೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಒತ್ತಿ ಕೂರಿಸುತ್ತಾರೆ. ಇದಕ್ಕೆ ಮೇಳ ಕಟ್ಟುವುದು ಎನ್ನುತ್ತಾರೆ. ಎಲ್ಲಿ ಕೂರಿಸಬೇಕೆಂದು ಹೇಳುವುದು ಅಳತೆಪಟ್ಟಿಯಲ್ಲ, ಕಿವಿ. ಮೆಟ್ಟಿಲನ್ನು ಇಡುವುದು, ತಂತಿ ಮೀಟುವುದು, ಕೂದಲೆಳೆಯಷ್ಟು ಸರಿಸುವುದು, ಮತ್ತೆ ಮೀಟುವುದು. ಬಲ್ಲ ವೈಣಿಕರು ಮೇಳ ಕಟ್ಟುವಾಗ ಎದುರಿಗೇ ಕುಳಿತಿರುತ್ತಾರೆ. ತಮ್ಮ ಕಿವಿಗೆ ಒಪ್ಪುವ ಗಾಂಧಾರ, ನಿಷಾದ ಬರುವವರೆಗೆ ಬಿಡುವುದಿಲ್ಲ.

ಬೇಸಗೆಯಲ್ಲಿ ಮೇಣ ಮೆತ್ತಗಾಗುತ್ತದೆ. ಮೆಟ್ಟಿಲು ಕದಲುತ್ತದೆ. ವರ್ಷಗಳು ಕಳೆದಂತೆ ಮೇಣ ಒಣಗಿ ಹುಡಿಯಾಗುತ್ತದೆ. ಮೆಟ್ಟಿಲಿನ ಮೇಲೆ ತಂತಿಯ ಜಾಡು ಬೀಳುತ್ತದೆ. ಆಗ ಎಲ್ಲವನ್ನೂ ಕಿತ್ತು, ದಂಡಿಯನ್ನು ಶುಚಿಮಾಡಿ, ಮೆಟ್ಟಿಲನ್ನು ಅರದಿಂದ ಉಜ್ಜಿ ನುಣುಪುಮಾಡಿ ಅಥವಾ ಹೊಸದನ್ನೇ ತಂದು, ಹೊಸ ಮೇಣದಲ್ಲಿ ಮತ್ತೆ ಮೇಳ ಕಟ್ಟಬೇಕು. ಅಂದರೆ ಸವೆತವನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಮಾಡಿದ ವಾದ್ಯ ಇದು. ಶೇಷಣ್ಣನವರ ಕಾಲದಿಂದ ವೆಂಕಟಗಿರಿಯಪ್ಪನವರ, ದೊರೆಸ್ವಾಮಿ ಅಯ್ಯಂಗಾರ್ಯರ ಕಾಲದವರೆಗೆ ಮೈಸೂರಿನ ವೀಣೆ ನೂರು ವರ್ಷಕ್ಕೂ ಮೇಲ್ಪಟ್ಟು ಮೊಳಗಿತು. ಆ ಹೊತ್ತಿನಲ್ಲಿ ಮೈಸೂರಿನಲ್ಲಿ ಎಷ್ಟು ಮೇಳಗಳನ್ನು ಕಿತ್ತು ಕಟ್ಟಿರಬಹುದು! ಒಂದು ವೀಣೆಯ ದಂಡಿಗೆ ವಯಸ್ಸು ಎಂಬತ್ತಾದರೆ ಅದರ ಮೇಣಕ್ಕೆ ವಯಸ್ಸು ಐದಿದ್ದರೂ ಆಶ್ಚರ್ಯವಿಲ್ಲ. ಅದನ್ನು ಯಾರೂ ಹಳೆಯ ವೀಣೆಯಲ್ಲ ಎನ್ನುವುದಿಲ್ಲ.

ಮೆಟ್ಟಿಲುಗಳನ್ನು ಎಲ್ಲಿಡಬೇಕು ಎಂಬ ಚರ್ಚೆಯೂ ನಮ್ಮಲ್ಲಿ ಹಳೆಯದು. ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯನು 1550ರಲ್ಲಿ ಸ್ವರಮೇಳಕಲಾನಿಧಿಯನ್ನು ಬರೆದು ವೀಣೆಯ ಮೆಟ್ಟಿಲುಗಳ ಸ್ಥಾನಗಳನ್ನು ನಿರ್ಣಯಿಸಿದನು. ಹದಿನೇಳನೆಯ ಶತಮಾನದಲ್ಲಿ ತಂಜಾವೂರಿನ ವೆಂಕಟಮಖಿಯು ಅವನನ್ನು ಕಟುವಾಗಿ ಖಂಡಿಸಿದನು. ಶಾಸ್ತ್ರಕಾರರು ಒಬ್ಬರನ್ನೊಬ್ಬರು ಹೊಗಳಿದ ಉದಾಹರಣೆಗಳು ಎಲ್ಲಿಯೂ ಹೆಚ್ಚಿಲ್ಲ. ರಾಮಾಮಾತ್ಯನ ಗ್ರಂಥವಾದ ಮೂವತ್ತೊಂದು ವರ್ಷಕ್ಕೆ, 1581ರಲ್ಲಿ, ಇಟಲಿಯ ಫ್ಲಾರೆನ್ಸಿನಲ್ಲಿ ವಿನ್ಸೆಂಜೊ ಗೆಲಿಲಿ ಎಂಬ ಸಂಗೀತಗಾರನು ಇದೇ ಪ್ರಶ್ನೆಗೆ ಇನ್ನೊಂದು ಉತ್ತರ ಕೊಟ್ಟನು. ಖಗೋಳಶಾಸ್ತ್ರಜ್ಞ ಗೆಲಿಲಿಯೊನ ತಂದೆ ಈತ. ತಂತಿಯ ಉದ್ದವನ್ನು ಹದಿನೆಂಟು ಪಾಲು ಮಾಡಿ ಒಂದು ಪಾಲು ಬಿಟ್ಟು ಮೊದಲ ಮೆಟ್ಟಿಲನ್ನಿಡು, ಉಳಿದುದನ್ನು ಮತ್ತೆ ಹದಿನೆಂಟು ಪಾಲು ಮಾಡು, ಹೀಗೆಯೇ ಮುಂದೆ. ಲೆಕ್ಕ ಸುಲಭ, ಸ್ವಲ್ಪ ತಪ್ಪು. 650 ಮಿಲಿಮೀಟರಿನ ತಂತಿಯಲ್ಲಿ ಹನ್ನೆರಡನೆಯ ಮೆಟ್ಟಿಲು ನಡುಮಧ್ಯಕ್ಕೆ, 325ಕ್ಕೆ, ಬರಬೇಕು. ಈ ಲೆಕ್ಕದಲ್ಲಿ ಸುಮಾರು ಎರಡೂವರೆ ಮಿಲಿಮೀಟರು ಹಿಂದೆಯೇ ನಿಂತುಬಿಡುತ್ತದೆ. ಈಗಿನವರು ಹದಿನೆಂಟರ ಬದಲು 17.817ರಿಂದ ಭಾಗಿಸುತ್ತಾರೆ, ಸರಿಹೋಗುತ್ತದೆ.

ಗೆಲಿಲಿಯ ಕಾಲದಲ್ಲಿ ಯೂರೋಪಿನ ವಾದ್ಯಗಳ ಮೆಟ್ಟಿಲುಗಳೂ ಕದಲುವಂಥವೇ. ಕರುಳಿನ ಎಳೆಯನ್ನು ಕತ್ತಿನ ಸುತ್ತ ಕಟ್ಟಿ ಗಂಟು ಹಾಕುತ್ತಿದ್ದರು. ಸವೆದರೆ ಬಿಚ್ಚಿ ಬೇರೆ ಕಟ್ಟುತ್ತಿದ್ದರು. ಹದಿನೆಂಟನೆಯ ಶತಮಾನ ಮುಗಿಯುತ್ತ ಬಂದಂತೆ ಗಿಟಾರಿಗೆ ಲೋಹದ ಮೆಟ್ಟಿಲುಗಳು ಬಂದು ಮರದಲ್ಲಿ ಕಾಯಮ್ಮಾಗಿ ಹೂತುಕೊಂಡವು. ಅಲ್ಲಿಂದ ಮುಂದೆ ದಾರಿಗಳು ಬೇರೆಯಾದವು. ವೀಣೆಯ ಮೆಟ್ಟಿಲು ಕಿವಿಯ ಅಧೀನದಲ್ಲಿಯೇ ಉಳಿಯಿತು. ಗಿಟಾರಿನದು ಕಾರ್ಖಾನೆಯ ಗರಗಸದ ಅಧೀನಕ್ಕೆ ಹೋಯಿತು. ಕೊಂಡವನಿಗೆ ಮೆಟ್ಟಿಲನ್ನು ಸರಿಸುವ ಅಧಿಕಾರವಿಲ್ಲ. ಸವೆದಾಗ ಬದಲಾಯಿಸುವ ಕಷ್ಟ ಮಾತ್ರ ಅವನದು.

ಈಗ ಆ ಕಷ್ಟದ ವಿವರ. ಮೊದಲು ತಂತಿಗಳನ್ನು ಒಂದೊಂದಾಗಿ ಸಡಿಲಿಸಿ ತೆಗೆಯಬೇಕು. ಆಮೇಲೆ ಮೃದುವಾದ ಒಣ ಕುಂಚದಿಂದ ಧೂಳನ್ನು ಹೊಡೆಯಬೇಕು. ಒಣ ಕುಂಚ ಎನ್ನುವುದು ಮುಖ್ಯ: ಒದ್ದೆ ಬಟ್ಟೆಯನ್ನೇ ಮೊದಲು ಹಾಕಿದರೆ ಗಣಿಯ ಧೂಳು ಕೆಸರಾಗಿ ಮರವನ್ನು ಗೀರುತ್ತದೆ. ಮೆಟ್ಟಿಲಿನ ಬುಡದಲ್ಲಿ ಕಟ್ಟಿಕೊಂಡ ಕಪ್ಪು ಜಿಡ್ಡನ್ನು ಬಿದಿರಿನ ಸೀಳಿನಿಂದ ಮೆಲ್ಲನೆ ಎಬ್ಬಿಸಬೇಕು. ಬಳಿಕ ಅತಿ ನುಣುಪಾದ ಉಕ್ಕಿನ ನಾರಿನಿಂದ, ಮರದ ಎಳೆ ಹೋದ ದಿಕ್ಕಿನಲ್ಲಿಯೇ, ಹಗುರವಾಗಿ ಉಜ್ಜಬೇಕು. ಸೋಪಿನ ನೀರು ಸುರಿಯಬಾರದು, ಹಲಗೆ ಉಬ್ಬುತ್ತದೆ. ಕೊನೆಗೆ ಎರಡು ಮೂರು ತೊಟ್ಟು ಎಣ್ಣೆ ಸವರಿ ಐದು ನಿಮಿಷದೊಳಗೆ ಪೂರ್ತಿ ಒರಸಿಬಿಡಬೇಕು. ಮರಕ್ಕೆಂದೇ ಬರುವ ಖನಿಜತೈಲ ಆದೀತು. ಎಣ್ಣೆ ಎಂದೊಡನೆ ಕೊಬ್ಬರಿ ಎಣ್ಣೆಯ ಸೀಸೆಗೆ ಕೈಹಾಕುವುದು ನಮ್ಮ ಮನೆಗಳ ವಾಡಿಕೆ; ಅದು ಕಮಟುತ್ತದೆ, ಮತ್ತಷ್ಟು ಧೂಳನ್ನು ಹಿಡಿಯುತ್ತದೆ. ಅದು ತಲೆಗೇ ಇರಲಿ.

ಜಾಡು ಬಿದ್ದ ಮೆಟ್ಟಿಲಿಗೆ ಎರಡು ಚಿಕಿತ್ಸೆ ಉಂಟು. ಎಲ್ಲ ಮೆಟ್ಟಿಲುಗಳ ನೆತ್ತಿಗೂ ಮಸಿ ಹಚ್ಚಿ, ನೇರವಾದ ಉದ್ದ ಅರವನ್ನು ಅವುಗಳ ಮೇಲೆ ಸಮವಾಗಿ ಓಡಿಸುವುದು ಒಂದು. ಮಸಿ ಹೋದ ಕಡೆ ಎತ್ತರ, ಉಳಿದ ಕಡೆ ತಗ್ಗು. ಎಲ್ಲ ಕಡೆಯೂ ಮಸಿ ಹೋಗುವವರೆಗೆ ಅರ ಹಾಕಿ, ಚಪ್ಪಟೆಯಾದ ನೆತ್ತಿಗಳನ್ನು ಮತ್ತೆ ದುಂಡಗೆ ಮಾಡಿ ಹೊಳಪು ಕೊಡಬೇಕು. ಆದರೆ ಮೆಟ್ಟಿಲಿನ ಎತ್ತರವೇ ಸುಮಾರು ಒಂದು ಮಿಲಿಮೀಟರು. ಅರ ಹಾಕುವುದು ಒಂದೋ ಎರಡೋ ಸಲಕ್ಕೆ ಮಾತ್ರ ಸಾಧ್ಯ. ಮುಂದೆ ಎರಡನೆಯ ಚಿಕಿತ್ಸೆ: ಬೆಸುಗೆ ಹಾಕುವ ಕಾದ ಕಡ್ಡಿಯಿಂದ ಮೆಟ್ಟಿಲನ್ನು ಬಿಸಿಮಾಡಿ, ಚಪ್ಪಟೆ ಬಾಯಿಯ ಇಕ್ಕಳದಿಂದ ಅಂಗುಲ ಅಂಗುಲವಾಗಿ ಎಬ್ಬಿಸಿ ತೆಗೆದು, ಗಾಡಿಯನ್ನು ಶುಚಿಮಾಡಿ, ಹೊಸದನ್ನು ಮೆತ್ತನೆಯ ಸುತ್ತಿಗೆಯಿಂದ ತಟ್ಟಿ ಕೂರಿಸುವುದು. ಎಬ್ಬಿಸುವಾಗ ಹಾರುವ ಮರದ ಚಕ್ಕೆಗಳನ್ನು ಹೆಕ್ಕಿ ಅಲ್ಲಿಯೇ ಅಂಟಿಸಬೇಕು. ಅವಸರದವರ ಕೆಲಸವಲ್ಲ.

ಗಣಿಯ ವರ್ಕ್‌ಷಾಪಿನಲ್ಲಿ ದುಡಿದ ಫಿಟ್ಟರಿಗೆ ಈ ಹತ್ಯಾರಗಳು ಯಾವುವೂ ಅಪರಿಚಿತವಲ್ಲ. ಮಸಿ ಹಚ್ಚಿ ತಗ್ಗುದಿಣ್ಣೆ ನೋಡುವುದು, ಅರ ಹಿಡಿದು ಸಮಮಾಡುವುದು ಯಂತ್ರದ ಕೆಲಸದ ಮೊದಲ ಪಾಠ. ನಾನು ಹೇಳಿದ ಗಿಟಾರಿನಲ್ಲಿ ಅದರ ಸಾಕ್ಷಿಯಿದೆ. ಇಪ್ಪತ್ತು ಬಿಳಿಯ ಮೆಟ್ಟಿಲುಗಳ ಪೈಕಿ ಮೊದಲ ಮೂರು ಹಳದಿ. ಹಿತ್ತಾಳೆಯವು. ಅವುಗಳ ನೆತ್ತಿ ಸಂಗೀತದ ಅಂಗಡಿಯ ಮೆಟ್ಟಿಲಿನಂತೆ ದುಂಡಗಿಲ್ಲ. ಯಂತ್ರದ ಬೆಣೆಯಂತೆ ಸಪಾಟಾಗಿದೆ. ಓರೆಯಾಗಿ ಬೆಳಕಿಗೆ ಹಿಡಿದರೆ ಅರದ ಗೀರುಗಳು ಒಂದೇ ಕೋನದಲ್ಲಿ ಕಾಣುತ್ತವೆ. ಅಜ್ಜ ತಾವೇ ಮಾಡಿಕೊಂಡದ್ದು ಎಂದು ಮನೆಯವರು ಹೇಳುತ್ತಾರೆ, ಹೇಳದಿದ್ದರೂ ಊಹಿಸಬಹುದಾಗಿತ್ತು. ಹಲಗೆಯ ಹಳ್ಳಗಳೂ ಏನೋ ಹೇಳುತ್ತವೆ. ಅವೆಲ್ಲ ಮೊದಲ ಮೂರು ಮನೆಗಳಲ್ಲಿಯೇ ಇವೆ. ಏಳನೆಯದರಿಂದಾಚೆಗೆ ಹಲಗೆ ಹೊಸದರಂತಿದೆ. ಅಂದರೆ ಮುಂದೆ ಕುಳಿತು ತಾನ ಬಿಟ್ಟವರ ಕೈಯಲ್ಲ ಅದು; ಹಾಡುವವರ ಹಿಂದೆ ಕುಳಿತು ನಾಲ್ಕಾರು ಸ್ವರಗುಚ್ಛಗಳಿಂದ ಹಾಡನ್ನು ಹೊತ್ತವರ ಕೈ.

ಆ ಹಲಗೆ ಯಾವ ಮರದ್ದು ಎಂದರೆ, ಬೀಟೆ. ಬೀಟೆ ನಮ್ಮ ಮಲೆನಾಡಿನದು, ಕೊಡಗಿನದು, ಮೈಸೂರು ಸೀಮೆಯ ಕಾಡುಗಳದು. ಒಂದು ಕಾಲಕ್ಕೆ ಗಿಟಾರು ಮಾಡುವವರು ಬ್ರೆಜಿಲ್ ದೇಶದ ಬೀಟೆಯನ್ನೇ ಬಯಸುತ್ತಿದ್ದರು. ಆ ದೇಶ ದಿಮ್ಮಿಗಳ ರಫ್ತನ್ನು ಬಿಗಿಮಾಡಿದ ಮೇಲೆ ಅಮೆರಿಕದ ಮಾರ್ಟಿನ್ ಕಂಪನಿಯಂಥವರು 1969ರಲ್ಲಿ ನಮ್ಮ ಬೀಟೆಗೆ ತಿರುಗಿದರು. 1992ರಲ್ಲಿ ಬ್ರೆಜಿಲಿನ ಬೀಟೆಯ ವ್ಯಾಪಾರವೇ ಅಂತಾರಾಷ್ಟ್ರೀಯ ಒಪ್ಪಂದದಿಂದ ಹೆಚ್ಚುಕಡಿಮೆ ನಿಂತಿತು. 2017ರಲ್ಲಿ ಬೀಟೆಯ ಇಡೀ ಕುಲಕ್ಕೆ ನಿರ್ಬಂಧ ಬಂದು, ಗಿಟಾರು ಹಿಡಿದು ಗಡಿ ದಾಟುವುದೇ ಗೊಂದಲವಾಯಿತು. 2019ರ ಕೊನೆಯಲ್ಲಿ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಹಳೆಯ ಹಲಗೆಯನ್ನು ಕಿತ್ತೆಸೆದು ಹೊಸದು ಹಾಕಿಸಿ ಎಂದು ಸಲೀಸಾಗಿ ಹೇಳುವವರು ಒಂದು ಬೀಟೆ ಮರ ಬೆಳೆದು ದಪ್ಪವಾಗಲು ಎಷ್ಟು ತಲೆಮಾರು ಬೇಕೆಂದು ಎಣಿಸಿ ಹೇಳಬೇಕು. ಇನ್ನೊಂದು ಮಾತು. ತೇವದ ನಾಡಿನಲ್ಲಿ ಬೆಳೆದ, ತೇವದ ಊರಿನ ಕಾರ್ಖಾನೆಯಲ್ಲಿ ಕೊಯ್ದ ಮರ ಕೋಲಾರದ ಒಣಹವೆಗೆ ಬಂದಾಗ ಕುಗ್ಗುತ್ತದೆ. ಮರ ಕುಗ್ಗಿದರೂ ಲೋಹ ಕುಗ್ಗದು. ಮೆಟ್ಟಿಲಿನ ತುದಿಗಳು ಅಂಚಿನಿಂದ ಹೊರಕ್ಕೆ ಮುಳ್ಳಿನಂತೆ ಚಾಚಿ ಕೈಗೆ ಚುಚ್ಚುತ್ತವೆ. ನಮ್ಮ ಗಿಟಾರಿನಲ್ಲಿ ಆ ತುದಿಗಳನ್ನೂ ಯಾರೋ ಅರದಿಂದ ತೇಯ್ದಿದ್ದಾರೆ.

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ವರ್ಕ್‌ಷಾಪುಗಳ ಸದ್ದಡಗಿತು. ಮೊಮ್ಮಗನ ತಲೆಮಾರಿನವರು ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಹೋಗುತ್ತಾರೆ, ರಾತ್ರಿಗೆ ಮರಳುತ್ತಾರೆ. ಅಜ್ಜ ಜಗುಲಿಯ ಮೇಲೆ ಕುಳಿತು ಮಾಡಿಕೊಂಡ ಕೆಲಸಕ್ಕೆ ಹುಡುಗ ಗಿಟಾರನ್ನು ರೈಲಿನಲ್ಲಿ ಹೊತ್ತುಕೊಂಡು ಬೆಂಗಳೂರಿಗೆ ಹೋಗಬೇಕಾಯಿತು. ಅಲ್ಲಿನ ಕುಶಲಿ ಎರಡು ಸಲಹೆ ಕೊಟ್ಟರಂತೆ: ಮೆಟ್ಟಿಲುಗಳೆಲ್ಲ ಹೊಸದಾಗಲಿ, ಹಲಗೆಯನ್ನೂ ಹಳ್ಳಗಳು ಮಾಯವಾಗುವವರೆಗೆ ಕೀಸಿ ಸಮಮಾಡಿಬಿಡೋಣ.

ತಾಯಿ ಮಗನ ನಡುವೆ ನನ್ನನ್ನು ಕೇಳಿದಾಗ ನನಗೆ ತೋರಿದ್ದು ವೀಣೆಯ ನ್ಯಾಯ. ಮೇಳ ಸವೆಯುವುದಕ್ಕಾಗಿಯೇ ಇರುವುದು. ಅದನ್ನು ಕಿತ್ತು ಕಟ್ಟಿದರೆ ಹಿರಿಯರಿಗೆ ಅಪಚಾರವಿಲ್ಲ. ದಂಡಿಯನ್ನು ಮಾತ್ರ ಯಾರೂ ಕೀಸುವುದಿಲ್ಲ. ಗಿಟಾರಿನ ಮೆಟ್ಟಿಲು ಮರದಲ್ಲಿ ಹೂತಿದ್ದರೂ ಅದರ ಧರ್ಮ ಮೇಳದ ಧರ್ಮವೇ. ಹಿತ್ತಾಳೆಯ ಮೂರೂ ಆಳವಾಗಿ ಸವೆದಿದ್ದವು. ಹಿತ್ತಾಳೆ ಜರ್ಮನ್ ಸಿಲ್ವರಿಗಿಂತ ಮೆತು. ಅಜ್ಜನೂ ಸವೆದದ್ದನ್ನು ಕಿತ್ತೇ ಅವನ್ನು ಹಾಕಿದ್ದರಲ್ಲವೆ? ಹಲಗೆಯ ಹಳ್ಳಗಳ ಮಾತು ಬೇರೆ. ಅವುಗಳಿಂದ ನಾದಕ್ಕೆ ತೊಂದರೆಯಿಲ್ಲ. ಕೀಸಿದರೆ ಶಾಸನದ ಕಲ್ಲನ್ನು ಉಳಿಯಿಂದ ನುಣುಪುಮಾಡಿದಂತೆ.

ತಾಯಿ ಒಂದು ದಿನ ಯೋಚಿಸಿ ಒಪ್ಪಿದರು. ಇಪ್ಪತ್ತು ಮೆಟ್ಟಿಲುಗಳೂ ಹೊಸದಾದವು. ಹಳ್ಳಗಳ ಪೈಕಿ ಮೊದಲ ಮನೆಯ ಒಂದು ಮಾತ್ರ ಮೆಟ್ಟಿಲಿನ ಬುಡದವರೆಗೆ ಕೊರೆದಿತ್ತು; ಅಲ್ಲಿ ಹೊಸ ಮೆಟ್ಟಿಲು ಹಿಡಿದು ನಿಲ್ಲಲು ಬೀಟೆಯ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿದರು. ಉಳಿದವು ಹಾಗೆಯೇ ಇವೆ. ಹುಡುಗ ಹೊಸ ತಂತಿ ಬಿಗಿದು ಶ್ರುತಿಮಾಡಿದ್ದಾನೆ. ಹೊಸ ತಂತಿ ಎಳೆದುಕೊಳ್ಳುವುದರಿಂದ ಮೊದಲ ಒಂದು ವಾರ ದಿನವೂ ಮತ್ತೆ ಶ್ರುತಿ ನೋಡಬೇಕಾಗುತ್ತದೆ. ಗಾಳಿಗಾಲ ಬರುವುದರೊಳಗೆ ಗಿಟಾರಿಗೆ ಒಂದು ಗವಸು ಹೊಲಿಸಬೇಕೆಂದು ತಾಯಿ ಹೇಳುತ್ತಿದ್ದರು.